ಮೇಡಂ ಒಪ್ಪಿದ್ದು ಯಾವಾಗ?

ಸತ್ತವರ ಬಾಯಿಗೆ ನೀವು ಸುಳ್ಳನ್ನು ತುರುಕಿದ್ದೀರಿ. ಟೇಕಲ್ ಬೆಟ್ಟ ಕಾಣುವ ಆ ಕೆರೆಯ ಕಟ್ಟೆಯ ಮೇಲೆ ಈ ಬೇಸಿಗೆಯಲ್ಲಿ ನೀವು ನೆಟ್ಟಿರುವ ಬಣ್ಣದ ಫಲಕದಲ್ಲಿ ನನಗೆ ಪಾಠ ಹೇಳಿದ ಮೇಡಂ ಅವರ ಚಿತ್ರವಿದೆ. ಹೆಗಲ ಮೇಲೆ ಶಾಲು, ಮುಖದಲ್ಲಿ ನಗು. ಕೆರೆಯಂಚಿನ ಕೆಸರುಹಾಸಿನಲ್ಲಿ ಮೀನಿನ ಸಂತತಿ ವರ್ಷದಿಂದ ವರ್ಷಕ್ಕೆ ಸಮೃದ್ಧವಾಗುತ್ತಿದೆ ಎಂದು ಅವರು ಅಭಿಪ್ರಾಯಪಟ್ಟಿದ್ದರಂತೆ. ಚಿತ್ರದ ಕೆಳಗೆ ಹಾಗೆ ಬರೆಸಿದ್ದೀರಿ. ಅವರು ಹಾಗೆ ಹೇಳಿರಲಿಲ್ಲ. ಅದಕ್ಕೆ ತದ್ವಿರುದ್ಧವಾದುದನ್ನು, ಅದೇ ಕಟ್ಟೆಯ ಮೇಲೆ, ನಿಮ್ಮ ಎದುರಿಗೇ ಹೇಳಿದ್ದರು. ಕೆರೆ ತುಂಬಿಸುವ ಯೋಜನೆಯ ಕಚೇರಿಯವರೇ, ಇಂಥದೇ ಹಾಸುಗಳನ್ನು ಈಗ ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಕೆರೆಗಳಲ್ಲೂ ನಿರ್ಮಿಸಲು ನೀವು ಹೊರಟಿದ್ದೀರಿ. ಯಾರಾದರೂ ಪ್ರಶ್ನಿಸಿದರೆ ಆ ಫಲಕದ ಕಡೆ ಬೆರಳು ತೋರಿಸುತ್ತೀರಿ. ಆದ್ದರಿಂದ ಅವರು ಎಂಥವರಾಗಿದ್ದರು, ಏನು ಹೇಳಿದ್ದರು ಎಂಬುದನ್ನು ಬಲ್ಲವರು ಬರೆಯಬೇಕಾಗಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಬೇಕಾದಂತೆ ಬಳಸಿಕೊಂಡದ್ದು ಸಾಕು. ಕೋಲಾರದ ಕಾಲೇಜೊಂದರಲ್ಲಿ ಅವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ನಿವೃತ್ತರಾದ ಮೇಲೂ ಮುಳಬಾಗಿಲಿನ ತಮ್ಮ ಮನೆಯಿಂದ ಬಸ್ಸು ಹಿಡಿದು ಕೆರೆಗೆ ಬರುತ್ತಿದ್ದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಇಷ್ಟು ಸಾಕು.

ಕಾಲೇಜಿನಲ್ಲಿ ಅವರಿಗೆ ನಾವಿಟ್ಟಿದ್ದ ಹೆಸರು ‘ಅನುಮಾನದ ಮೇಡಂ’. ಅದು ಅವರಿಗೂ ಗೊತ್ತಿತ್ತು. ಯಾರು ಏನು ಹೇಳಿದರೂ ಅವರ ಬಾಯಿಂದ ಮೊದಲು ಬರುತ್ತಿದ್ದ ಪ್ರಶ್ನೆ, ‘ಯಾರು ಹೇಳಿದ್ದು?’ ಒಮ್ಮೆ ನಮ್ಮ ತರಗತಿಯ ಹುಡುಗನೊಬ್ಬ ಏಡಿಯ ಉಸಿರಾಟದ ಬಗ್ಗೆ ಉತ್ತರ ಹೇಳಿ ಕೂರುವಷ್ಟರಲ್ಲಿ ಅದೇ ಪ್ರಶ್ನೆ ಎದುರಾಯಿತು.

‘ಪುಸ್ತಕದಲ್ಲಿದೆ ಮೇಡಂ.’

‘ಪುಸ್ತಕಕ್ಕೆ ಯಾರು ಹೇಳಿದ್ರು?’

‘ಇನ್ನೊಂದು ಪುಸ್ತಕ ಇರ್ಬೇಕು ಮೇಡಂ.’

ತರಗತಿ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ. ನಕ್ಕು ಮುಗಿಸಿ, ‘ಸರಿ, ಆ ಇನ್ನೊಂದನ್ನ ಹುಡುಕ್ಕೊಂಡು ಬಾ’ ಎಂದರು. ಆ ಹುಡುಗ ನಿಜವಾಗಿಯೂ ಒಂದು ವಾರ ಗ್ರಂಥಾಲಯದಲ್ಲಿ ಅಲೆದ. ಹೊಗಳಿಕೆಯ ಮೇಲಂತೂ ಅವರಿಗೆ ಎಲ್ಲಿಲ್ಲದ ಸಂಶಯ. ಸೀರೆ ಚೆನ್ನಾಗಿದೆ ಎಂದು ನಾನೊಮ್ಮೆ ಹೇಳಿದಾಗ ಕನ್ನಡಕದ ಮೇಲಿನಿಂದ ನೋಡಿ, ‘ಇಂಟರ್ನಲ್ಸ್ ಹತ್ರ ಬಂತಲ್ಲ, ಸೀರೆ ಚೆನ್ನಾಗೇ ಕಾಣುತ್ತೆ ಕಣೇ’ ಎಂದಿದ್ದರು.

ಅವರದು ಮುಳಬಾಗಿಲಿನಲ್ಲಿ ತಲೆಮಾರುಗಳಿಂದ ಪೂಜೆ ಮತ್ತು ಲೆಕ್ಕಪತ್ರಗಳನ್ನು ನೋಡಿಕೊಂಡು ಬಂದ ಮನೆತನ. ಮೀನನ್ನು ಅವರು ಬಾಯಿಗಿಟ್ಟವರಲ್ಲ. ಆದರೆ ಬದುಕಿನ ಬಹುಭಾಗವನ್ನು ಮೀನಿನ ಹಿಂದೆಯೇ ಕಳೆದರು. ಇದು ಅವರ ಮನೆಯಲ್ಲಿ ಕೊನೆಯವರೆಗೂ ಬಗೆಹರಿಯದೆ ಉಳಿದ ವ್ಯಾಜ್ಯ. ನಾನು ಮೊದಲ ಸಲ ಅವರ ಜೊತೆ ಕೆರೆಯಿಂದ ಮನೆಗೆ ಹೋದ ದಿನ, ಅವರ ಅಕ್ಕ ನಮ್ಮಿಬ್ಬರನ್ನೂ ಹಿತ್ತಿಲ ಬಾಗಿಲಲ್ಲೇ ತಡೆದು ನಿಲ್ಲಿಸಿದರು.

‘ಮೊದಲು ಸ್ನಾನ ಮಾಡ್ಕೊಂಡು ಬಾ. ಒಲೆ ಹತ್ರ ಸುಳೀಬೇಡ.’

‘ಅಕ್ಕಾ, ಇವತ್ತು ಮುಟ್ಟಿಲ್ಲ. ಬರೀ ನೋಡಿದ್ದು.’

‘ನೋಡಿದ ಕಣ್ಣನ್ನೂ ತೊಳ್ಕೋ. ಈ ಹುಡುಗೀನೂ ತೊಳ್ಕೊಳ್ಳಲಿ. ಏನಮ್ಮಾ, ನಿಮ್ಮನೇಲಿ ಏನೂ ಅನ್ನಲ್ವಾ?’

ನಾನು ಮಾಸ್ತಿ ಕಡೆಯ ಒಕ್ಕಲು ಮನೆಯವಳು, ನಮ್ಮ ಮನೆಯಲ್ಲಿ ಮೀನು ತಂದರೆ ಒಲೆಯ ಹತ್ತಿರ ಬಾ ಎಂದೇ ಕರೆಯುತ್ತಾರೆ ಎಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಮೇಡಂ ನನ್ನ ಪರವಾಗಿ ಅದನ್ನು ಹೇಳಿಯೇಬಿಟ್ಟರು. ಅಕ್ಕ ಹಣೆ ಚಚ್ಚಿಕೊಂಡು, ‘ದೇವುಡಾ!’ ಎಂದು ಒಳಗೆ ಹೋಗಿ ಇಬ್ಬರಿಗೂ ಬಿಸಿ ಅವಲಕ್ಕಿ ಕಲಸಿ ತಂದರು.

ಕೆಸರುಹಾಸು ಎಂದರೇನೆಂಬುದನ್ನು ಕೆರೆ ನೋಡದವರಿಗೆ ಹೇಳಬೇಕು. ದೂರದಿಂದ ಕೊಳವೆಯಲ್ಲಿ ಬರುವ ನೀರನ್ನು ಕೆರೆಗೆ ತುಂಬಿಸಲು ತೊಡಗಿದ ಮೇಲೆ, ಕೆರೆಯ ಒಳಅಂಚಿನಲ್ಲಿ ಮಣ್ಣು ಸುರಿದು, ಮಟ್ಟಮಾಡಿ, ಒಂದು ದೊಡ್ಡ ಬಯಲನ್ನು ಕಟ್ಟಲಾಯಿತು. ಪಂಪು ಓಡಿದಾಗ ಅದರ ಮೇಲೆ ಮೊಣಕಾಲುದ್ದ ನೀರು ನಿಲ್ಲುತ್ತದೆ; ನಿಂತಾಗ ನೀರೆಲ್ಲ ಕಂಡಿಗಳ ಮೂಲಕ ಕೆರೆಗೆ ಇಳಿದು ಕೆಸರು ಬಯಲಾಗುತ್ತದೆ. ಸಮುದ್ರ ತೀರದಲ್ಲಿ ಉಬ್ಬರ ಇಳಿತಗಳು ಮಾಡುವ ಕೆಲಸವನ್ನು ಇಲ್ಲಿ ಪಂಪಿನ ಒಂದು ಸ್ವಿಚ್ಚು ಮಾಡುತ್ತದೆ. ಆಳವಿಲ್ಲದ ಬೆಚ್ಚಗಿನ ನೀರಿನಲ್ಲಿ ಮೀನು ಮೊಟ್ಟೆಯಿಡುತ್ತದೆ, ಮರಿಗಳು ಬೆಳೆಯುತ್ತವೆ ಎಂಬುದು ನೀವು ಹೇಳಿದ ಉದ್ದೇಶ. ‘ಕೋಲಾರಕ್ಕೆ ಸಮುದ್ರ ತಂದಿದಾರೆ, ಚಂದ್ರನ್ನ ಮಾತ್ರ ಪಂಪ್‌ಹೌಸಲ್ಲಿ ಕೂಡಿಹಾಕಿದಾರೆ’ ಎಂದು ಮೇಡಂ ಅಂದಿದ್ದರು.

ಆದರೆ ಅವರು ಮೊದಲಿನಿಂದಲೂ ಅದರ ವಿರೋಧಿಯಾಗಿರಲಿಲ್ಲ. ಇದನ್ನು ಮುಚ್ಚಿಡುವುದು ಅವರಿಗೆ ಮಾಡುವ ಇನ್ನೊಂದು ಅಪಚಾರ. ಮೊದಲ ಮಳೆಗಾಲದಲ್ಲಿ ಆ ಹಾಸಿನ ಮೇಲೆ ಪಕ್ಕೆ ಮೀನುಗಳು ಬಂದಿದ್ದವು. ಬೆರಳುದ್ದದ, ಬೆಳ್ಳಿಯ ಮೈಯ, ಬಾಲದ ಬುಡದಲ್ಲಿ ಕಪ್ಪು ಬೊಟ್ಟಿಟ್ಟುಕೊಂಡ ಮೀನು. ಎಲ್ಲೋ ಮೇಲಿನ ನೀರಿನ ಸಣ್ಣ ಕುಂಟೆಗಳಲ್ಲಿ ಬದುಕುಳಿದಿದ್ದವು, ಹೊಸ ನೀರಿನ ಜಾಡು ಹಿಡಿದು ಇಳಿದಿದ್ದವು. ಮೇಡಂ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ, ನೀರಿನಲ್ಲಿ ಅಲ್ಲಾಡದೆ ನಿಂತಿದ್ದರು. ಅವರ ಕಾಲಿನ ಸುತ್ತ ಮೀನುಗಳು ಹೊಳೆಯುತ್ತಿದ್ದವು. ‘ಮಾತಾಡ್ಬೇಡ ಕಣೇ,’ ಎಂದು ಪಿಸುಗುಟ್ಟಿದರು, ‘ಈಗಷ್ಟೇ ಬಂದಿವೆ, ನಾಚ್ಕೊಂಡಿವೆ.’ ಯಾವುದನ್ನೂ ಅನುಮಾನಿಸದ ಅವರ ಮುಖವನ್ನು ನಾನು ನೋಡಿದ್ದು ಅದೊಂದೇ ಸಲ.

ಅವರ ಕೆಲಸಕ್ಕೆ ಒಂದು ನಿಯಮವಿತ್ತು. ನೀರು ಇಳಿದಾಗ ಮೀನನ್ನು ನೋಡಬಾರದು, ಏರುವಾಗ ನೋಡಬೇಕು. ಇಳಿದಾಗ ಗುಂಡಿಗಳಲ್ಲಿ ಸಿಕ್ಕಿಬಿದ್ದದ್ದು ಮಾತ್ರ ಕಾಣುತ್ತದೆ. ಅದರಲ್ಲಿ ಮೀನಿನ ಇಚ್ಛೆಯಿಲ್ಲ. ಏರುವಾಗ ಕಂಡಿಯ ಬಾಯಲ್ಲಿ ನಿಂತರೆ ಯಾವ ಜಾತಿ ತಾನಾಗಿ ಆ ಹಾಸಿನ ಮೇಲೆ ಬರಲು ಬಯಸುತ್ತಿದೆ ಎಂಬುದು ತಿಳಿಯುತ್ತದೆ. ಇದಕ್ಕಾಗಿ ಅವರು ಪಂಪು ಶುರುವಾಗುವ ಮುನ್ನವೇ ಬಂದು, ಮೊಸರನ್ನದ ಡಬ್ಬಿಯನ್ನು ಮರದ ಕೊಂಬೆಗೆ ನೇತುಹಾಕಿ, ಕಂಡಿಯ ಪಕ್ಕ ಕೂರುತ್ತಿದ್ದರು. ಹೀಗೆ ವರ್ಷಗಟ್ಟಲೆ ಕೂತರು.

ಅವರ ಇನ್ನೊಂದು ಠಾವು ಮಾಲೂರಿನ ಸಂತೆಯಲ್ಲಿ ಮೀನು ಮಾರುವ ಅಕ್ಕಯ್ಯಮ್ಮನ ಬುಟ್ಟಿಯ ಪಕ್ಕ. ಮಲ್ಲಿಗೆ ಮುಡಿದು, ಕುಂಕುಮವಿಟ್ಟು, ಮೀನಿನ ನಡುವೆ ಕೂತ ಮೇಡಂ ಅವರನ್ನು ನೋಡಿ ಗಿರಾಕಿಗಳು ತಬ್ಬಿಬ್ಬಾಗುತ್ತಿದ್ದರು.

‘ಮೇಡಮ್ಮ, ನೀವು ತಿನ್ನಲ್ಲ, ಕೊಳ್ಳಲ್ಲ. ಸುಮ್ನೆ ಕೂತು ನನ್ನ ಯಾಪಾರ ಕೆಡಿಸ್ತೀರಿ. ಪೂಜೆಗೆ ಬಂದವ್ರಂಗೆ ಜನ ಕೈಮುಕ್ಕೊಂಡು ಹೋಗ್ತಾವ್ರೆ’ ಎಂದು ಅಕ್ಕಯ್ಯಮ್ಮ ರೇಗುತ್ತಿದ್ದಳು.

‘ಇರೇ ಅಮ್ಮಾ, ಯಾರು ಏನ್ ಕೇಳ್ತಾರೆ ನೋಡ್ತಿದೀನಿ.’

‘ಏನ್ ಕೇಳ್ತಾರೆ? ಜಿಲೇಬಿ, ಜಿಲೇಬಿ. ಮಿಠಾಯಿ ಅಂಗ್ಡಿ ಇಟ್ಟಂಗಾಗದೆ ನಂಗೆ.’

ಜಿಲೇಬಿ ಎಂದು ನಮ್ಮ ಕಡೆ ಕರೆಯುವುದು ಹೊರದೇಶದಿಂದ ಬಂದು ಎಲ್ಲ ಕೆರೆಗಳನ್ನೂ ತುಂಬಿಕೊಂಡ ಆ ದಪ್ಪ ಮುಳ್ಳಿನ ಮೀನನ್ನು. ಒಂದು ದಿನ ವಯಸ್ಸಾದ ಹೆಂಗಸೊಬ್ಬರು ಜ್ವರದಿಂದ ಎದ್ದ ಮೊಮ್ಮಗನಿಗೆಂದು, ಹಿಂದೆ ನಮ್ಮ ಕೆರೆಗಳಲ್ಲೇ ಸಿಗುತ್ತಿದ್ದ ಕೊರಮೀನು ಕೇಳಿದರು. ಅಕ್ಕಯ್ಯಮ್ಮ, ‘ಇವಾಗೆಲ್ಲಿ ತರಲಮ್ಮ ಕೊರಮೀನು?’ ಎಂದು ಕಳಿಸಿದಳು. ಮೇಡಂ ಆ ಹೆಂಗಸನ್ನು ಹಿಂಬಾಲಿಸಿಕೊಂಡು ಬಸ್ ನಿಲ್ದಾಣದವರೆಗೂ ಹೋಗಿ, ಕೊನೆಯ ಸಲ ಅದನ್ನು ಎಲ್ಲಿ ಕೊಂಡಿದ್ದು, ಪಕ್ಕೆ ಹೇಗೆ ಹುರಿಯುತ್ತಿದ್ದಿರಿ ಎಂದೆಲ್ಲ ವಿಚಾರಿಸಿ ಬಂದರು. ಆಮೇಲೆ ನನಗೆ ಹೇಳಿದರು: ‘ಮೀನು ಒಂದ್ಸಲ ಕೆರೆಯಿಂದ ಹೋಗುತ್ತೆ. ಆಮೇಲೆ ಕೇಳೋರ ಬಾಯಿಂದ ಹೋಗುತ್ತೆ. ಹಾಗೆ ಎರಡನೇ ಸಲ ಹೋದ್ಮೇಲೆ ದೂರು ಕೊಡೋಕೂ ಯಾರೂ ಇರಲ್ಲ. ಈ ಆಫೀಸಿನವ್ರು ಅದಕ್ಕೇ ಕಾಯ್ತಿದಾರೋ ಏನೋ.’

ಹಾಸಿನ ಮೇಲೆ ಬರುವ ಮೀನುಗಳು ಬದಲಾಗತೊಡಗಿದ್ದು ಒಂದೇ ವರ್ಷದಲ್ಲಲ್ಲ. ಮೊದಲು ಪಕ್ಕೆ ವಿರಳವಾಯಿತು. ನಂತರ ಕಲ್ಲಿನ ಸಂದಿಯಲ್ಲಿರುತ್ತಿದ್ದ ಹಾವುಮೀನು ಕಾಣದಾಯಿತು. ಜಿಲೇಬಿ ಹೆಚ್ಚಿತು. ಬಳಿಕ ಕೆಸರಲ್ಲೂ ತೆವಳಿ ಬದುಕುವ, ಮೀಸೆಯ, ಕಪ್ಪು ಆಫ್ರಿಕನ್ ಕ್ಯಾಟ್‌ಫಿಶ್ ಬಂತು. ಸಾಕಬಾರದೆಂದು ನಿಷೇಧವಿರುವ ಆ ಮೀನನ್ನು ಕೆರೆಗೆ ಬಿಟ್ಟವರು ಯಾರೆಂಬುದಕ್ಕೂ ಇನ್ನೂ ಉತ್ತರವಿಲ್ಲ. ಕೊನೆಗೆ, ನೀರು ಏರುವಾಗ ಕಂಡಿಯ ಬಾಯಲ್ಲಿ ಕಾಣುತ್ತಿದ್ದದ್ದು ಇವೆರಡೇ.

‘ಬಂದವ್ರ ಮೇಲೆ ನಂಗೇನೂ ಕೋಪ ಇಲ್ಲ,’ ಎಂದು ಮೇಡಂ ಹೇಳುತ್ತಿದ್ದರು. ‘ಇದ್ದವ್ರು ಎಲ್ಲಿ ಹೋದ್ರು ಅಂತಷ್ಟೇ ಕೇಳ್ತಿರೋದು.’

ಕಾರಣವೇನೆಂಬ ಅವರ ಸಂಶಯ ಪಂಪಿನ ಕಡೆ ತಿರುಗಿತು. ಪಕ್ಕೆ ತನ್ನ ಮೊಟ್ಟೆಗಳನ್ನು ಆಳವಿಲ್ಲದ ನೀರಿನ ಹುಲ್ಲಿಗೆ ಅಂಟಿಸಿ ಹೋಗುತ್ತದೆ. ಮೊಟ್ಟೆ ಒಡೆಯುವ ಮೊದಲೇ ನೀರು ತೆಗೆದರೆ ಅವು ಹುಲ್ಲಿನ ಮೇಲೇ ಒಣಗುತ್ತವೆ. ಜಿಲೇಬಿಯ ತಾಯಿ ಹಾಗಲ್ಲ. ಮೊಟ್ಟೆಗಳನ್ನು ಬಾಯಲ್ಲಿ ತುಂಬಿಕೊಂಡು ಇಳಿಯುವ ನೀರಿನ ಜೊತೆ ತಾನೂ ಇಳಿಯುತ್ತದೆ. ‘ಜಿಲೇಬಿ ಯಾರನ್ನೂ ನಂಬಲ್ಲ, ನನ್ ಥರ,’ ಎಂದು ಮೇಡಂ ವಿವರಿಸಿದ್ದರು. ‘ಪಕ್ಕೆ ಪಾಪ, ನೀರು ಇರುತ್ತೆ ಅಂತ ನಂಬ್ಕೊಂಡು ಮೊಟ್ಟೆ ಇಟ್ಟು ಹೋಗುತ್ತೆ. ಅದು ನಂಬಿದ್ದು ಯಾರನ್ನ ಹೇಳು? ಪಂಪಿನ ಸ್ವಿಚ್ಚನ್ನ.’

ಆ ಸ್ವಿಚ್ಚನ್ನು ಯಾವಾಗ ಆರಿಸುತ್ತಾರೆ? ಕರೆಂಟು ಹೋದಾಗ ಎಂದು ನಿಮ್ಮವರು ಹೇಳುತ್ತಿದ್ದರು. ಕರೆಂಟು ಇದ್ದ ದಿನವೇ ಪಂಪು ನಿಂತದ್ದನ್ನು ಕಂಡು ಮೇಡಂ ನೇರವಾಗಿ ಪಂಪ್‌ಹೌಸಿಗೆ ನಡೆದರು. ಒಳಗೆ ಫ್ಯಾನು ತಿರುಗುತ್ತಿತ್ತು. ಆಪರೇಟರ್ ಬನಿಯನ್ನಿನಲ್ಲೇ ಎದ್ದು ನಿಂತ.

‘ಕರೆಂಟಿಲ್ಲ ಅಂದ್ರಲ್ಲಪ್ಪಾ. ಫ್ಯಾನು ನಿನ್ನ ಪುಣ್ಯಕ್ಕೆ ತಿರುಗ್ತಿದೆಯಾ?’

‘ನಂಗೇನ್ ತೆಲುಸು ಮೇಡಂ, ಫೋನ್ ಬಂತು, ಆಫ್ ಮಾಡ್ದೆ.’

‘ಯಾರ ಫೋನು?’

‘ಆಫೀಸಿಂದು. ನಾಳೆ ಯಾರೋ ದೊಡ್ಡೋರು ನೋಡಕ್ ಬರ್ತಾರಂತೆ. ನೀರು ಇಳ್ಸು ಅಂದ್ರು. ನಾನು ಹೇಳ್ದೆ ಅಂತ ಹೇಳ್ಬ್ಯಾಡ್ರಿ ಮೇಡಂ, ಕಾಂಟ್ರಾಕ್ಟ್ ಕೆಲ್ಸ ನಂದು.’

ಆ ಆಪರೇಟರ್ ಈಗ ಅಲ್ಲಿಲ್ಲ. ಎಲ್ಲಿಗೆ ಹೋದ, ಯಾಕೆ ಹೋದ ಎಂಬುದೂ ನನಗೆ ತಿಳಿದಿಲ್ಲ. ಆದರೆ ಮರುದಿನ ನಡೆದದ್ದನ್ನು ನಾನೇ ನೋಡಿದೆ. ಬರಿದಾದ ಹಾಸಿನ ಮೇಲೆ ಹಲಗೆಗಳನ್ನು ಹಾಸಿದ್ದಿರಿ. ಅತಿಥಿಗಳು ಬೂಟಿಗೆ ಕೆಸರಾಗದಂತೆ ನಡೆದು, ಗುಂಡಿಗಳಲ್ಲಿ ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದ ಮೀನುಗಳನ್ನು ನೋಡಿ ಬೆರಗಾದರು. ಫೋಟೋ ತೆಗೆಸಿಕೊಂಡರು. ಹಲಗೆಯ ಪಕ್ಕ ನೀರಿಳಿದು ಒಣಗುತ್ತಿದ್ದ ಹುಲ್ಲಿನಲ್ಲಿ ಏನು ಅಂಟಿಕೊಂಡಿತ್ತೆಂದು ಯಾರೂ ಬಗ್ಗಿ ನೋಡಲಿಲ್ಲ.

ಅದೇ ದಿನ ಕಟ್ಟೆಯ ಮೇಲೆ ಶಾಮಿಯಾನ ಹಾಕಿ, ಮೇಡಂ ಅವರಿಗೆ ಸನ್ಮಾನವನ್ನೂ ಇಟ್ಟುಕೊಂಡಿದ್ದಿರಿ. ನಮ್ಮ ಸಭೆಗಳ ಕ್ರಮ ಎಲ್ಲರಿಗೂ ಗೊತ್ತಿದೆ: ಅತಿಥಿ ಮಾತಾಡಿದ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅಂದು ಮಾತ್ರ ಕ್ರಮ ತಿರುಗುಮುರುಗಾಯಿತು. ನಿರೂಪಕರು ಮೊದಲೇ ಸನ್ಮಾನಕ್ಕೆ ಕರೆದರು. ಮೇಡಂ ನನ್ನ ಕಡೆ ಬಾಗಿ, ‘ಮೊದಲೇ ಯಾಕೆ ಹೊದಿಸ್ತಾರೆ? ಚಳಿ ಇಲ್ವಲ್ಲ’ ಎಂದು ಕೇಳಿದರು. ಆ ಮಾತಿಗೆ ತಾವೇ ನಗುತ್ತ ಎದ್ದು ಹೋದರು. ನಗು ಇನ್ನೂ ಮುಖದಲ್ಲಿರುವಾಗಲೇ ಶಾಲು ಹೆಗಲೇರಿತು, ಕ್ಯಾಮೆರಾ ಕ್ಲಿಕ್ಕಿಸಿತು. ನಿಮ್ಮ ಫಲಕದ ಮೇಲಿರುವ ಚಿತ್ರ ಅದು.

ಆಮೇಲೆ ಅವರು ಮೈಕು ಹಿಡಿದರು.

‘ಈ ಹಾಸಿನಲ್ಲಿ ಮೀನು ಹೆಚ್ಚಾಗಿಲ್ಲ. ನೀರು ಇಳಿಸಿದ್ದೀರಿ, ಅದಕ್ಕೇ ಒತ್ತಾಗಿ ಕಾಣ್ತಿವೆ. ಬಸ್ಸು ಬರದೇ ಇದ್ರೆ ಬಸ್‌ಸ್ಟ್ಯಾಂಡ್ ತುಂಬಿರುತ್ತೆ. ಹಾಗಂತ ಊರಿನ ಜನಸಂಖ್ಯೆ ಹೆಚ್ಚಾಯ್ತು ಅಂತ ಬರ್ಕೊಳ್ಳೋಕಾಗುತ್ತಾ? ನೀರು ಏರುವಾಗ ಬನ್ನಿ. ಪಕ್ಕೆ ಬರಲ್ಲ, ಹಾವುಮೀನು ಬರಲ್ಲ. ಅವುಗಳ ಮೊಟ್ಟೆ ಒಣಗಿಸಿ ನಮಗೆ ಹಬ್ಬ ತೋರಿಸ್ತಿದೀರಿ. ಇದನ್ನ ಹೀಗೇ ಬೇರೆ ಕೆರೆಗೆ ಒಯ್ಯಬೇಡಿ.’

ಊರವರು ಬಸ್‌ಸ್ಟ್ಯಾಂಡಿನ ಮಾತಿಗೆ ಗೊಳ್ಳೆಂದು ನಕ್ಕರು. ನಿರೂಪಕರು ಆ ನಗುವನ್ನೇ ಹಿಡಿದುಕೊಂಡು, ‘ಮೇಡಂ ಅವರ ಹಾಸ್ಯಪ್ರಜ್ಞೆಗೆ ಜೋರಾದ ಚಪ್ಪಾಳೆ’ ಎಂದು ಮೈಕು ತೆಗೆದುಕೊಂಡರು. ವಂದನಾರ್ಪಣೆ ಶುರುವಾಯಿತು. ಸಂಜೆ ಬಸ್ಸಿನಲ್ಲಿ ಮೇಡಂ ಶಾಲನ್ನು ಮಡಚಿ ಚೀಲದೊಳಗೆ ತುರುಕಿದರು. ಕೋಲಾರ ಹತ್ತಿರವಾದಾಗ ಹೇಳಿದರು: ‘ತಪ್ಪು ಮಾಡ್ದೆ ಕಣೇ. ಮಾತಾಡೋಕೆ ಮುಂಚೆ ಹೊದಿಸ್ಕೋಬಾರದಿತ್ತು. ಫೋಟೋದಲ್ಲಿ ಮಾತು ಕೇಳ್ಸಲ್ಲ.’

ಎಲ್ಲವನ್ನೂ ಶಂಕಿಸುತ್ತಿದ್ದವರು ಒಂದು ಶಾಲನ್ನು ಶಂಕಿಸಲು ಅರೆಗಳಿಗೆ ತಡಮಾಡಿದ್ದರು. ಅವರು ಹೋದ ಮೇಲೆ ನೀವು ಆ ಅರೆಗಳಿಗೆಯನ್ನು ದೊಡ್ಡದಾಗಿ ಮುದ್ರಿಸಿ ಕಟ್ಟೆಯ ಮೇಲೆ ನಿಲ್ಲಿಸಿದ್ದೀರಿ.

ಫಲಕ ನೋಡಿದ ವಾರವೇ ನಾನು ನಿಮ್ಮ ಕಚೇರಿಗೆ ಬಂದಿದ್ದೆ. ಹಿರಿಯ ಅಧಿಕಾರಿಯೊಬ್ಬರು ಕೂರಿಸಿ ಟೀ ತರಿಸಿದರು.

‘ಅವರು ಆಮೇಲೆ ಒಪ್ಪಿದ್ರಮ್ಮ. ಬಾಯಿಮಾತಲ್ಲಿ.’

‘ಯಾವಾಗ ಸರ್?’

‘ಹುಷಾರಿಲ್ದೆ ಮಲಗಿದ್ರಲ್ಲ, ಆವಾಗ. ನಮ್ಮೋರು ಮನೆಗೆ ಹೋಗಿದ್ರು.’

‘ಯಾರು ಹೋಗಿದ್ರು?’

‘ಅದೆಲ್ಲ ಈಗ ಯಾಕಮ್ಮ? ಕೆಟ್ಟದ್ದೇನಾದ್ರೂ ಬರ್ದಿದೀವಾ? ಒಳ್ಳೇದೇ ಬರ್ದಿದೀವಲ್ಲ. ಫೋಟೋ ಎಷ್ಟು ಚೆನ್ನಾಗಿ ಬಂದಿದೆ ನೋಡಿ. ಟೀ ಕುಡೀರಿ.’

ಟೀ ಅಲ್ಲೇ ಬಿಟ್ಟು ನಾನು ಮುಳಬಾಗಿಲಿಗೆ ಹೋದೆ. ಅಕ್ಕ ಈಗ ಆ ಮನೆಯಲ್ಲಿ ಸೊಸೆ ಮತ್ತು ಮೊಮ್ಮಕ್ಕಳ ಜೊತೆ ಇದ್ದಾರೆ. ನಾನು ಕೆರೆಯ ಕಡೆಯಿಂದ ಬಂದವಳಲ್ಲವೆಂದು ಖಚಿತಪಡಿಸಿಕೊಂಡು ನಡುಮನೆಯಲ್ಲಿ ಕೂರಿಸಿದರು.

‘ಬಂದಿದ್ರಮ್ಮ, ಇಬ್ರು. ಸೇಬು ತಂದಿದ್ರು. ಇವಳಿಗೆ ಆಗ ಎದ್ದು ಕೂರೋಕೂ ಆಗ್ತಿರ್ಲಿಲ್ಲ. ಏನೇನೋ ಹೇಳಿದ್ರು, ಕೆರೆ ತುಂಬಾ ಮೀನು ಅಂತ. ಇವಳು ಕಣ್ಮುಚ್ಕೊಂಡೇ ಕೇಳಿದ್ಲು, ನೀರು ಏರುವಾಗ ಹೋಗಿದ್ರಾ ಅಂತ. ಇಬ್ರೂ ಮುಖ ಮುಖ ನೋಡ್ಕೊಂಡ್ರು.’

‘ಆಮೇಲೆ?’

‘ನಾನು ಕಾಫಿ ತರಕ್ಕೆ ಒಳಗೆ ಹೋದೆ. ಬರೋವಷ್ಟ್ರಲ್ಲಿ ಎದ್ದು ನಿಂತಿದ್ರು.’

ಕಾಫಿ ಕಾಯುವಷ್ಟು ಹೊತ್ತು. ಆ ಹೊತ್ತಿನಲ್ಲಿ ಅವರು ಒಪ್ಪಿರಬಹುದೇ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ತಳ್ಳಿಹಾಕಿದರೆ ನಾನು ಅವರ ವಿದ್ಯಾರ್ಥಿನಿಯಾಗುವುದಿಲ್ಲ. ಅಕ್ಕನನ್ನೇ ಕೇಳಿದೆ. ‘ನನ್ ತಂಗಿ ಅರವತ್ತು ದಾಟಿದ್ರೂ ನಾನು ಹೇಳಿದ್ದಕ್ಕೇ ಒಂದಿನಾನೂ ಒಪ್ಕೊಂಡವಳಲ್ಲ. ಎರಡು ಸೇಬಿಗೆ ಒಪ್ಕೊಂಡ್ಲಾ?’ ಎಂದರು. ಇದು ಸಾಕ್ಷ್ಯವಲ್ಲವೆಂದು ಬಲ್ಲೆ. ನಿಮ್ಮ ಬಳಿ ಇದಕ್ಕಿಂತ ಗಟ್ಟಿಯಾದದ್ದು ಇದ್ದರೆ ತೋರಿಸಿ.

ಆದುದರಿಂದ, ಯೋಜನೆಯ ಹೊಣೆ ಹೊತ್ತಿರುವ ಅಧಿಕಾರಿಗಳಲ್ಲಿ ಬಹಿರಂಗವಾಗಿ ವಿನಂತಿಸುತ್ತೇನೆ. ಮೇಡಂ ಅವರು ನಿಮ್ಮ ಹೇಳಿಕೆಯನ್ನು ಎಂದು, ಯಾರ ಎದುರು, ಯಾವ ಮಾತುಗಳಲ್ಲಿ ಒಪ್ಪಿದರು ಎಂಬುದನ್ನು ಅಂದು ಅವರ ಮನೆಗೆ ಹೋಗಿದ್ದ ಇಬ್ಬರ ಸಹಿಯೊಂದಿಗೆ ಪ್ರಕಟಿಸಬೇಕು. ಹಾಗೆ ಪ್ರಕಟಿಸಲಾಗದಿದ್ದರೆ ಫಲಕವನ್ನು ತೆಗೆದು, ಅವರ ಅಕ್ಕನ ಎದುರು ನಿಂತು ತಪ್ಪಾಯಿತೆಂದು ಹೇಳಬೇಕು. ವೀಕ್ಷಣೆಯ ದಿನಗಳಿಗಾಗಿ ನೀರು ಇಳಿಸಲು ಆದೇಶಿಸಿದವರು ಯಾರೆಂದು ತಿಳಿಸಬೇಕು; ಮೀನು ಮೊಟ್ಟೆಯಿಡುವ ಕಾಲದಲ್ಲಿ ಹಾಸಿನ ನೀರನ್ನು ತೆಗೆಯುವುದನ್ನು ನಿಲ್ಲಿಸಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕೆರೆಗಳಿಗೆ ಒಂದು ಲಾರಿ ಮಣ್ಣು ಬೀಳುವ ಮುನ್ನ, ಬರುವ ಮಳೆಗಾಲದಲ್ಲಿ ಒಂದು ದಿನ ಗೊತ್ತುಮಾಡಿ, ಊರವರನ್ನೂ ಮೀನು ಮಾರುವವರನ್ನೂ ಕರೆದು, ನೀರು ಏರುವ ಹೊತ್ತಿಗೆ ಕಂಡಿಯ ಬಾಯಲ್ಲಿ ನಮ್ಮೊಡನೆ ನಿಲ್ಲಬೇಕು. ಅಂದು ಪಕ್ಕೆ ಬಂದರೆ, ನಿಮ್ಮನ್ನು ಶಂಕಿಸಿದ್ದಕ್ಕೆ ಈ ಪತ್ರಿಕೆಯ ಇದೇ ಪುಟದಲ್ಲಿ ಕ್ಷಮೆ ಕೇಳುತ್ತೇನೆ. ಬಾರದಿದ್ದರೆ, ಹೊಸ ಹಾಸುಗಳ ಕೆಲಸವನ್ನು ಕೈಬಿಟ್ಟಿದ್ದೇವೆಂದು ಅಲ್ಲಿಯೇ, ಎಲ್ಲರಿಗೂ ಕೇಳುವಂತೆ ನೀವು ಘೋಷಿಸಬೇಕು. ಲಿಖಿತ ಉತ್ತರವನ್ನು ಮಳೆಗಾಲಕ್ಕೆ ಮುನ್ನ ನೀಡಬೇಕಾಗಿ ಕೋರುತ್ತೇನೆ.